ಮೂಡಲಗಿ ರೊಟ್ಟಿ

ಬಿಸಿನೀರಿಗೆ ಹೊಸ ಜೋಳದ ಹಿಟ್ಟು ಬಿದ್ದಾಗ ಒಂದು ಸಿಹಿಯಾದ ಆವಿ ಏಳುತ್ತದೆ. ಚಿಕ್ಕವಳಿದ್ದಾಗ ಅವ್ವನ ಒಲೆಯ ಮುಂದೆ ಕೂತು ಶೋಭಾ ಆ ವಾಸನೆಗೇ ಅರ್ಧ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದಳು. ಇವತ್ತು ಬೆಳಿಗ್ಗೆ ಅದು ಏಳಲಿಲ್ಲ. ಹಿಟ್ಟು ನಾದುವ ಪರಾತದ ಹತ್ತಿರ ಮೂಗು ತಂದರೆ ಬರೀ ಚೀಲದ ವಾಸನೆ. ಮೊದಲ ರೊಟ್ಟಿಯ ಅಂಚು ಬಿರಿಯಿತು. ಎರಡನೆಯದು ನಟ್ಟನಡುವೆ ಸೀಳಿತು. ಮೂರನೆಯದು ಹಂಚು ಕಾಣುವ ಮೊದಲೇ ಕೈಯಲ್ಲಿ ಮುರಿಯಿತು.

ಸಂಜೆಗೆ ಯಮಕನಮರಡಿಯ ಮದುವೆಮನೆಗೆ ಐನೂರು ಮೆತ್ತನೆಯ ರೊಟ್ಟಿ ಮುಟ್ಟಬೇಕಿತ್ತು. ಅವಳ ಪುಟ್ಟ ರೊಟ್ಟಿ ಕೇಂದ್ರಕ್ಕೆ ಬಂದ ಮೊದಲ ದೊಡ್ಡ ಕೆಲಸ. ಕರೆಂಟು ಕೈಕೊಟ್ಟು ಗಿರಣಿ ನಿಂತರೇನು ಗತಿ ಎಂದು ಹೆದರಿ, ಜೋಳವನ್ನೆಲ್ಲ ಎಷ್ಟೋ ದಿನ ಮೊದಲೇ ಬೀಸಿಸಿ ಇಟ್ಟುಬಿಟ್ಟಿದ್ದಳು. ಮನೆಮಟ್ಟಿಗೆ ಆಗಾಗ ಸೇರು, ಎರಡು ಸೇರು ಬೀಸಿಸುವವಳಿಗೆ, ಬೇಸಿಗೆಯಲ್ಲಿ ಕೂತ ಹಿಟ್ಟು ಅಂಟಿ ಹಿಡಿಯುವ ಜಿಗಿ ಕಳೆದುಕೊಳ್ಳುತ್ತದೆ ಎಂಬುದು ಆ ಗಡಿಬಿಡಿಯಲ್ಲಿ ನೆನಪಾಗಲಿಲ್ಲ. ನೀರು ಇನ್ನಷ್ಟು ಕಾಯಿಸಿದಳು, ಇನ್ನಷ್ಟು ನಾದಿದಳು. ಹತ್ತು ಗಂಟೆಯಾದರೂ ಒಂದು ರೊಟ್ಟಿ ಇಡಿಯಾಗಿ ಏಳಲಿಲ್ಲ. ಒಂದು ಮುಷ್ಟಿ ಹಿಟ್ಟು ಹಿಡಿದುಕೊಂಡೇ ಗುಡುಸಾಬರ ಗಿರಣಿಗೆ ಓಡಿದಳು.

ಗುಡುಸಾಬರು ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಜಿಗಿ ಹೋಗೇತಿ ಮಗಳ. ಇದನ್ನ ಎಮ್ಮಿಗೆ ಹಾಕು. ನನ್ನ ಮನಿ ಜ್ವಾಳ ಐತಿ, ಈಗ ಬೀಸಿ ಕೊಡತೇನಿ, ಆಮ್ಯಾಲ ತಿರಗಿ ಕೊಡು. ಆದ್ರ ಹಿಟ್ಟ ಬರೂದರಾಗ ಮಧ್ಯಾಹ್ನ ಆಕ್ಕೈತಿ. ಐದನೂರ ರೊಟ್ಟಿ ಬಡಿಯಾಕ ನಿನಗ ಎಷ್ಟ ಕೈ ಅದಾವು?"

"ಎರಡ ರಿ ಕಾಕಾ."

"ಹಂಗಾರ ಲಕ್ಕವ್ವಗ ಹೇಳು. ನೀನೂ ಸಂಘದಾಕಿ ಅದಿಯಲ್ಲ?"

ಮೂಡಲಗಿ ಪೇಟೆಯ ಸಣ್ಣ ವ್ಯಾಪಾರಸ್ಥರ ಸಂಘಕ್ಕೆ ಶೋಭಾ ಸೇರಿದ್ದು, ಗಿರಣಿಗೆ ಬಂದಾಗಲೆಲ್ಲ ಗುಡುಸಾಬರು ಬೆನ್ನು ಬಿಡದೆ ಹೇಳಿದರೆಂದು. ಒಂದು ಸಭೆಗೂ ಹೋದವಳಲ್ಲ. ಅಲ್ಲಿ ಮುಂದಿನ ಸಾಲಿನಲ್ಲೇ ಲಕ್ಕವ್ವ ಕೂತಿರುತ್ತಾಳೆ. ಓಣಿಯಲ್ಲಿ ಶೋಭಾಳ ಎದುರಿಗೇ ಇರುವುದು ಲಕ್ಕವ್ವನ ಹಳೆಯ ರೊಟ್ಟಿ ಕೇಂದ್ರ. ಈ ಯಮಕನಮರಡಿಯವರು ಹೋದ ವರ್ಷದವರೆಗೂ ಆಕೆಯ ಗಿರಾಕಿಗಳೇ.

"ಬ್ಯಾಡ್ರಿ ಕಾಕಾ, ಆಕಿ ನಕ್ಕ ಸಾಯ್ತಾಳ."

"ನಗಲಿ ಬಿಡು. ನಕ್ಕೋಂತನೂ ರೊಟ್ಟಿ ಬಡಿಯಾಕ ಬರತೈತಿ," ಎಂದು ಗುಡುಸಾಬರು ಫೋನು ಹಚ್ಚಿಯೇಬಿಟ್ಟರು.

ಮಧ್ಯಾಹ್ನ ಬಿಸಿ ಆರದ ಹಿಟ್ಟಿನ ಚೀಲ ಇಳಿಸುವಷ್ಟರಲ್ಲಿ ಲಕ್ಕವ್ವ ತನ್ನ ಹಂಚನ್ನು ಕಂಕುಳಲ್ಲಿಟ್ಟುಕೊಂಡು ಓಣಿ ದಾಟಿ ಬಂದಳು. ಹಿಂದೆ ಸಂಘದ ಇನ್ನೂ ನಾಲ್ವರು: ಶಾವಿಗೆಯವರು, ಚಟ್ನಿಪುಡಿಯವರು, ಬಟ್ಟೆ ಹೊಲಿಯುವ ಸಮ್ರೀನ. ಹೊಲದಲ್ಲಿ ಒಬ್ಬರ ಸುಗ್ಗಿಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಾರಲ್ಲ, ಪೇಟೆಯಲ್ಲೂ ಸಂಘದವರು ಆ ರೂಢಿ ಬಿಟ್ಟಿರಲಿಲ್ಲ.

"ಏನವಾ, ನನ್ನ ಗಿರಾಕೀನೂ ಕರಕೊಂಡ ಹೋದಿ. ಈಗ ನನ್ನ ಕೈನೂ ಬೇಕಾತೇನು?"

ಶೋಭಾ ನೆಲ ನೋಡಿದಳು. "ತಪ್ಪ ಆತ್ರಿ ಅಕ್ಕಾರ."

"ತಪ್ಪ ಏನ ಬಂತ? ಬಾಯಿಗೆ ರುಚಿ ಹತ್ತಿದಲ್ಲಿ ಮಂದಿ ಹೋಗ್ತಾರ. ಆದ್ರ ಮುರಕ ರೊಟ್ಟಿ ಹೋದ್ರ ಅವರು ಶೋಭಾನ ರೊಟ್ಟಿ ಮುರಕ ಅಂತಾರೇನ? ಮೂಡಲಗಿ ರೊಟ್ಟೀನ ಮುರಕ ಅಂತಾರ. ನಾಳೆ ನಾನೂ ಅದ ಹೆಸರಿನ ಮ್ಯಾಲೆ ಮಾರಬೇಕ. ಏಳು, ನೀರ ಇಡು."

ನೀರು ಕುದಿಯಿತು, ಹಿಟ್ಟು ಬಿತ್ತು. ಅವ್ವನ ಒಲೆಯ ಆ ವಾಸನೆ ಮನೆತುಂಬ ಎದ್ದಿತು. ಆರು ಜನರ ಬಡಿತಕ್ಕೆ ಗೂಡಿನ ಲೋಟಗಳೂ ಕುಣಿದವು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅಳತೆಯ ರೊಟ್ಟಿ ಏಳುವುದನ್ನು ಕಂಡು ಲಕ್ಕವ್ವ ಒಂದು ಸ್ಟೀಲಿನ ತಾಟು ನಡುವೆ ಇಟ್ಟಳು. "ಎಲ್ಲಾರೂ ಇದರಷ್ಟ ಬಡೀರಿ. ದೊಡ್ಡದಾದ್ರ ನಿಮ್ಮ ನಿಮ್ಮ ಗಂಡಂದ್ರಿಗೆ ಒಯ್ಯಿರಿ." ಸಮ್ರೀನಳ ರೊಟ್ಟಿ ಮೂಲೆ ಮೂಲೆಗೆ ಹರಿದುಹೋಗಿತ್ತು. ಲಕ್ಕವ್ವ ಅದನ್ನೆತ್ತಿ ಬೆಳಕಿಗೆ ಹಿಡಿದು, "ಬೆಳಗಾವಿ ಜಿಲ್ಲಾದ ನಕಾಶಿ ಚಲೋ ತಗದಿ. ಇದರಾಗ ಹುಕ್ಕೇರಿ ಎಲ್ಲೈತಿ ತೋರ್ಸು," ಎಂದಳು. ನಕ್ಕು ನಕ್ಕು ಸಮ್ರೀನ ಬಡಿಯುವುದು ಬಿಟ್ಟು ಬೇಯಿಸಲು ಕೂತಳು. ಬೆಳಗಿನಿಂದ ಶೋಭಾಳ ಎದೆಯಲ್ಲಿ ಕೂತಿದ್ದ ಕಲ್ಲು ಯಾವಾಗ ಇಳಿಯಿತೋ ಅವಳಿಗೇ ತಿಳಿಯಲಿಲ್ಲ.

ಹೊತ್ತು ಇಳಿಯುವ ಮೊದಲೇ ಬಿಳಿಯ ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯ ಗಂಟುಗಳನ್ನು ಹೇರಿಕೊಂಡು ಗಂಡ ಉಮೇಶನ ಟಂಟಂ ಗಾಡಿ ಯಮಕನಮರಡಿಯ ದಾರಿ ಹಿಡಿಯಿತು. ಬಂದವರೆಲ್ಲ ಸೆರಗಿನ ಹಿಟ್ಟು ಕೊಡವಿಕೊಂಡು ತಮ್ಮ ತಮ್ಮ ಮನೆಗೆ ಹೋದರು.

ಶೋಭಾ ಕಟ್ಟೆಯ ಮೇಲೆ ಕುಸಿದು ಕೂತಳು. ಬೆಳಗಿನಿಂದ ಹೊಟ್ಟೆಗೆ ಹೋದದ್ದು ಒಂದೇ ಲೋಟ ಚಹಾ. ಬಗಲಲ್ಲೇ ಮಿಕ್ಕ ರೊಟ್ಟಿಗಳ ಅಡಕಲಿತ್ತು. ಅದರತ್ತ ಕೈ ಹೋಗಲಿಲ್ಲ. ಈ ಉದ್ಯೋಗ ಹಿಡಿದಂದಿನಿಂದ ಹೀಗೆಯೇ, ರೊಟ್ಟಿ ಬಡಿದ ದಿನ ರೊಟ್ಟಿ ಸೇರುತ್ತಿರಲಿಲ್ಲ. ರೊಟ್ಟಿ ಮಾರುವವಳಿಗೇ ರೊಟ್ಟಿ ಬೇಡವೆಂದರೆ ಯಾರಾದರೂ ನಂಬುತ್ತಾರೆಯೇ? ಅದಕ್ಕೇ ಅವಳು ಅದನ್ನು ಗಂಡನಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಎದುರಿನ ಬಾಗಿಲು ಕಿರ್ರೆಂದಿತು. ಲಕ್ಕವ್ವ ಮತ್ತೆ ಓಣಿ ದಾಟಿ ಬಂದಳು. ರೊಟ್ಟಿಯ ಅಡಕಲನ್ನು ಮೆಲ್ಲಗೆ ಆಚೆ ಸರಿಸಿ, ಆ ಜಾಗದಲ್ಲಿ ತಾನೂ ಕೂತು, ಸೆರಗಿನ ಮರೆಯಲ್ಲಿದ್ದ ಡಬ್ಬಿಯನ್ನು ಶೋಭಾಳ ಕೈಗಿಟ್ಟಳು.

ಮುಚ್ಚಳ ತೆಗೆದರೆ, ಬಿಸಿ ಅನ್ನ, ಮೇಲೆ ಬೇಳೆಸಾರು. ಡಬ್ಬಿಯ ಅಂಚಿಗೆ ಸಿಕ್ಕಿಸಿದ್ದ ಚಮಚಗಳು ಎರಡು.