ಸೊಂಟದ ಹೊಲಿಗೆ

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ನರ್ಸ್ ತಂದುಕೊಟ್ಟ ಗಂಡನ ಪ್ಯಾಂಟನ್ನು ಮಡಚುತ್ತಿದ್ದ ಟೈಲರನ ಹೆಂಡತಿಯ ಬೆರಳಿಗೆ ಸೊಂಟದ ಬಳಿ ಏನೋ ದಪ್ಪಗೆ ತಗುಲಿತು. ತಿರುಗಿಸಿ ನೋಡಿದರೆ, ಒಳಗೆ ಹೊಲಿಗೆಯ ಪಕ್ಕ ಹೊಲಿಗೆ. ಹಿಂದಿನ ಎರಡು ಜೇಬು ಒಂದಕ್ಕೊಂದು ತಾಗುವಷ್ಟು ಸೊಂಟವನ್ನು ಹಿಡಿದು ಹೊಲಿದಿದ್ದ ಪುಣ್ಯಾತ್ಮ.

"ಅಯ್ಯೋ, ನನ್ನ ಕಣ್ಣಿಗೇ ಮಣ್ಣೆರಚಿದ್ರಲ್ಲಾ!" ಬಟ್ಟೆ ಯಾವಾಗಲೂ ಅಳತೆಗೆ ಸರಿಯಾಗಿ ಕೂರುತ್ತಿದ್ದುದರಿಂದ ಅವನು ಕರಗುತ್ತಿದ್ದುದು ಅವಳಿಗೆ ಗೊತ್ತೇ ಆಗಿರಲಿಲ್ಲ. ಅವನು ಉಣ್ಣದೆ ತಟ್ಟೆ ಸರಿಸಿದಾಗಲೆಲ್ಲ, "ಹೊರಗೆ ತಿಂದು ಬಂದಿರ್ತೀರಿ, ಮನೆಯದು ಎಲ್ಲಿ ರುಚಿಸುತ್ತೆ?" ಎಂದು ಚುಚ್ಚಿದ್ದಳು.

ಒಳಗೆ ಹೋಗುವ ಮುಂಚೆ ಸರ್ಜನ್ ಹೇಳಿದ್ದರು: "ಅವರಿಗೆ ಹಸಿವು ಇತ್ತಮ್ಮಾ, ಉಣ್ಣೋಕೆ ಭಯ. ಕರುಳಿಗೆ ರಕ್ತ ಒಯ್ಯೋ ನಾಳ ಕಟ್ಟಿಕೊಂಡಿದೆ, ಉಂಡಾಗಲೆಲ್ಲ ನೋವು ಹಿಂಡಿ ಹಾಕುತ್ತೆ. ಬೇರೆ ನಾಳ ಜೋಡಿಸ್ತೀವಿ. ಆದ್ರೆ ತುಂಬಾ ಸೊರಗಿದ್ದಾರೆ. ಮಾತು ಕೊಡೋಕಾಗಲ್ಲ."

ಅವಳು ಗೋಡೆಗೊರಗಿ ಕೂತಳು. ಅಂಗಡಿಯ ಬಟ್ಟೆಗೆ ಗುಂಡಿ ಹೊಲಿಯುವಾಗ ಬೇಕೆಂದು ಸದಾ ಚೀಲದಲ್ಲಿರುವ ಪುಟ್ಟ ಕತ್ತರಿ ತೆಗೆದು, ಕಣ್ಣೊರೆಸಿಕೊಳ್ಳುತ್ತ ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು.

"ಏನ್ ಮಾಡ್ತಿದೀರಮ್ಮಾ?" ನರ್ಸ್ ಗಾಬರಿಯಿಂದ ಕೇಳಿದಳು.

"ಸಡಿಲ ಮಾಡ್ತಿದೀನಿ." ಅವಳು ತಲೆಯೆತ್ತಲಿಲ್ಲ. "ಎದ್ದು ಬಂದು ಹೊಟ್ಟೆ ತುಂಬಾ ಉಣ್ಣಬೇಕಲ್ಲ ಅವರು."