ಕೆಲಸದ ಕಣ್ಣು

"ಏನ್ ಸ್ವಾಮಿ, ನನ್ನ ಮಗಳ ಕೆನ್ನೆ ಗುಳಿ ಎಲ್ಲಿ?"

ಮದುಮಗಳ ತಾಯಿ ಮದುವೆಯ ಆಲ್ಬಮ್ಮನ್ನು ಸ್ಟುಡಿಯೋದ ಕೌಂಟರಿನ ಮೇಲೆ ಧಡ್ಡನೆ ಇಟ್ಟರು. "ನಕ್ಕರೆ ಎಷ್ಟು ಚೆನ್ನಾಗಿ ಬೀಳುತ್ತೆ ಗೊತ್ತಾ? ಒಂದು ಫೋಟೋದಲ್ಲೂ ಇಲ್ಲ. ನಮ್ಮ ಮನೆಯವರೆಲ್ಲ ಹಿಟ್ಟಿನ ಗಿರಣಿಯಿಂದ ನೇರವಾಗಿ ಮದುವೆಗೆ ಬಂದ ಹಾಗಿದ್ದಾರೆ!"

ಫೋಟೋಗ್ರಾಫರು ಎಡಗಣ್ಣು ಮುಚ್ಚಿ, ಆಲ್ಬಮ್ಮನ್ನು ಮುಖದ ಹತ್ತಿರ ತಂದು ನೋಡಿದರು. "ಸರಿಯಾಗೇ ಇದೆಯಲ್ಲಮ್ಮ. ಇನ್ನೂ ಒಂಚೂರು ಕತ್ತಲೆ ಅಂತಲೇ ಹೇಳಬೇಕು."

"ಕತ್ತಲೆಯಾ! ಸಂಜೆ ಬರ್ತೀನಿ. ಆಗಲೂ ಗುಳಿ ಕಾಣದಿದ್ರೆ ಈ ಆಲ್ಬಮ್ ನೀವೇ ಇಟ್ಕೊಳ್ಳಿ" ಎಂದು ಆಕೆ ಹೊರಟುಹೋದರು.

ಇಂಥ ದೂರು ಇದೇ ಮೊದಲಲ್ಲ. ಮಾನಿಟರ್ ಬದಲಾಯಿಸಿಯಾಗಿತ್ತು, ಪ್ರಿಂಟ್ ಹಾಕುವವನ ಜೊತೆ ಜಗಳವೂ ಆಗಿತ್ತು. ಇನ್ನು ಬೈಯಲು ಉಳಿದದ್ದು ಕರೆಂಟನ್ನು ಮಾತ್ರ. ಊಟಕ್ಕೆ ಕೂತಾಗಲೆಲ್ಲ "ಅಂಗಡಿ ಮುಚ್ಚಿಬಿಡ್ತೀನಿ" ಎನ್ನುವುದು ಅವರ ಹೊಸ ಚಾಳಿ. ಮೊದಮೊದಲು ಅದು ಕೋಪದ ಮಾತಾಗಿತ್ತು. ಈಗೀಗ ಮನೆಯವರಿಗೆ ಭಯವಾಗುತ್ತಿತ್ತು.

ಪಕ್ಕದ ಮೇಜಿನಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದ ಸೊಸೆ ಎದ್ದು ಬಂದು, ಕಂಪ್ಯೂಟರಿನಲ್ಲಿ ಮದುಮಗಳ ಫೋಟೋ ತೆರೆದು, ಬೆಳಕಿನ ಅಳತೆ ತೋರಿಸುವ 'ಲೆವೆಲ್ಸ್' ಒತ್ತಿದಳು. "ಮಾವ, ಈ ಗ್ರಾಫ್ ನೋಡಿ. ಎಡಗಡೆ ಕಪ್ಪು, ಬಲಗಡೆ ಬಿಳಿ. ಎಲ್ಲ ಬಿಳಿ ಕಡೆಗೇ ರಾಶಿ ಬಿದ್ದಿದೆ."

"ಗ್ರಾಫ್ ಯಾವತ್ತಾದ್ರೂ ಫೋಟೋ ತೆಗೆದಿದೆಯೇನಮ್ಮ? ನನ್ನ ಕಣ್ಣು ನೆಟ್ಟಗಿದೆ. ಪೇಪರ್ ಓದ್ತೀನಿ, ಸ್ಕೂಟರ್ ಓಡಿಸ್ತೀನಿ." ಹಾಗೆನ್ನುತ್ತಲೇ ಅವರು ಪರದೆಯತ್ತ ಬಾಗಿ, ಎಡಗಣ್ಣು ಮುಚ್ಚಿ, ಬೆಳಕನ್ನು ಇನ್ನಷ್ಟು ಏರಿಸಿದರು. ಕ್ಯಾಮೆರಾಕ್ಕೆ ಬಲಗಣ್ಣು ಒತ್ತಿ ಒತ್ತಿ ಬಂದ ಅಭ್ಯಾಸ ಅದು. ಚಿತ್ರ ಅಂತ ಒಂದು ಎದುರಿಗೆ ಬಂದರೆ ಸಾಕು, ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಸೊಸೆ ಪರದೆ ಬಿಟ್ಟು ಅವರ ಮುಖವನ್ನೇ ನೋಡಿದಳು. "ಮಾವ, ಪೇಪರ್ ಓದುವಾಗ ಎರಡೂ ಕಣ್ಣು ತೆರೆದಿರ್ತೀರಿ ಅಲ್ವಾ?"

"ಮತ್ತೇನು, ಒಂದಕ್ಕೆ ರಜಾ ಕೊಡ್ತಾರಾ?"

"ಈಗ ಬಲಗಣ್ಣು ಮುಚ್ಚಿ. ಎಡಗಣ್ಣಲ್ಲಿ ನೋಡಿ."

ಬಲಗಣ್ಣೊಂದನ್ನೇ ಮುಚ್ಚಲು ಬರದೆ ಅಂಗೈ ಅಡ್ಡ ಹಿಡಿದರು. ಹಿಡಿದವರೇ ಬೆಚ್ಚಿಬಿದ್ದರು.

"ಅಯ್ಯೋ! ಯಾರಮ್ಮ ಇವರಿಗೆಲ್ಲ ಸುಣ್ಣ ಬಳಿದದ್ದು?"

ಅವರು ಕೈ ಬದಲಾಯಿಸಿದರು, ಮತ್ತೆ ಬದಲಾಯಿಸಿದರು. ಬಲಗಣ್ಣಿಗೆ ಮಬ್ಬು, ಎಡಗಣ್ಣಿಗೆ ಕೋರೈಸುವ ಬಿಳುಪು. ಆಮೇಲೆ ಕುರ್ಚಿಗೆ ಒರಗಿಬಿಟ್ಟರು. "ಇಡೀ ಮನೆ ಸಾಕಿದ ಕಣ್ಣು ಕಣಮ್ಮ ಈ ಬಲಗಣ್ಣು" ಎಂದರು. ಸೊಸೆಗೂ ಸಂಕಟವಾಯಿತು.

"ಪೊರೆ ಬಂದಿರಬೇಕು, ಅಷ್ಟೇ ಮಾವ. ಎದುರುಮನೆ ಅಜ್ಜಿಗೆ ಆಪರೇಷನ್ ಆಗಿದ್ದೇ ತಡ, ಯಾರ ಮನೆ ಹಂಚು ಎಷ್ಟು ಒಡೆದಿದೆ ಅಂತ ಕೂತಲ್ಲೇ ಹೇಳ್ತಾರೆ. ನಾಳೆ ಡಾಕ್ಟರ ಹತ್ರ ಹೋಗೋಣ."

ಅವರಿಗೆ ಬೇಡವೆಂದರೂ ನಗು ಬಂತು. ಮೌಸನ್ನು ಅವಳತ್ತ ತಳ್ಳಿದರು. "ಅಲ್ಲೀವರೆಗೆ ನೀನೇ ನೋಡಿಕೋ."

ಅವಳು ಅದನ್ನು ವಾಪಸ್ ತಳ್ಳಿದಳು. "ಗ್ರಾಫ್ ನಾನು ನೋಡ್ತೀನಿ. ಮುಖ ನೀವು ನೋಡಿ."

ಬಲಗಣ್ಣಿಗೆ ಅಂಗೈ ಅಡ್ಡ ಹಿಡಿದು, ಅವರು ತಿದ್ದುವ ಮೊದಲಿನ ಫೋಟೋ ತೆರೆದು ಬೆಳಕನ್ನು ಒಂದೊಂದೇ ಕೂದಲೆಳೆಯಷ್ಟು ಸರಿಪಡಿಸುತ್ತ ಹೋದರು. ಮದುಮಗಳ ಕೆನ್ನೆಗೆ ಬಣ್ಣ ಬಂತು, ನೆರಳು ಬಂತು, ನೆರಳಿನೊಳಗಿಂದ ಗುಳಿಯೂ ಬಂತು. ಅಲ್ಲಿಗೆ ಅವರ ಕೈ ನಿಂತಿತು.

"ಇಷ್ಟು ಸಾಕಾ? ಈ ಎಡಗಣ್ಣನ್ನ ನಂಬೋಕೆ ಧೈರ್ಯ ಇಲ್ಲ ಕಣಮ್ಮ. ಕ್ಯಾಮೆರಾ ಹಿಡಿದಾಗಿನಿಂದ ಒಂದು ದಿನವೂ ಕೆಲಸ ಮಾಡಿದ್ದಲ್ಲ ಇದು."

"ಹಾಗಾದ್ರೆ ಇನ್ನೂ ಹೊಚ್ಚ ಹೊಸದು, ಮಾವ" ಎಂದಳು ಸೊಸೆ.