ಅತ್ತೆಯ ಹಲಗೆಗೆ ಅಂಟುಪಾಕ

ನಮ್ಮತ್ತೆ ತೀರಿಕೊಂಡು ಮೂವತ್ತು ವರ್ಷವಾಯಿತು, ಬಾಯಿ ಮಾತ್ರ ನಿಂತಿಲ್ಲ. ಹಳದಿ ನದಿಯ ಈ ದಂಡೆಯಲ್ಲಿ ಸತ್ತವರೆಲ್ಲ ತಮ್ಮ ಹೆಸರು ಕೊರೆದ ಮರದ ಹಲಗೆಯಲ್ಲಿ ಕೂತು ಮಾತಾಡುತ್ತಾರೆ. ಹಿರಿಯರಲ್ಲವೇ, ಕೇಳಬೇಕು. ನನ್ನ ಮೊಮ್ಮಗಳು ಚುನ್‌ಯಾನ್‌ಗೆ ಬಂದ ಎರಡು ಸಂಬಂಧ ಅತ್ತೆಯ ಕೊಂಕಿನಿಂದಲೇ ಮುರಿದವು. ಈ ಮೂರನೆಯವನನ್ನು ಹುಡುಗಿ ತಾನೇ ಮೆಚ್ಚಿದ್ದಾಳೆ.

ಒಲೆದೇವರು ಸ್ವರ್ಗಕ್ಕೆ ಹೋಗಿ ಚಾಡಿ ಹೇಳದಿರಲೆಂದು ವರ್ಷದ ಕೊನೆಗೆ ಅವನ ಬಾಯಿಗೆ ಅಂಟುಪಾಕ ಬಳಿಯುತ್ತೇವಲ್ಲ, ಅದನ್ನೇ ಇವತ್ತು ಬೆಳಿಗ್ಗೆ ಅತ್ತೆಯ ಹಲಗೆಗೂ ಬಳಿದೆ. ಮನೆ ತಣ್ಣಗಾಯಿತು.

ಸಂಬಂಧ ಕುದುರಿಸುವ ಫಾಂಗಮ್ಮ ಗಂಡಿನ ಕಡೆಯವರು ಕಳಿಸಿದ ನಿಶ್ಚಯದ ಹೆಬ್ಬಾತನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ಹಲಗೆಯತ್ತ ಕಿವಿಗೊಟ್ಟು ಬಹಳ ಹೊತ್ತು ಕೂತಳು.

“ಹಿರಿಯರು ಹೂಂ ಅನ್ನಲೇ ಇಲ್ಲವಲ್ಲ ಅಕ್ಕಾ? ಅವರ ಬಾಯಿಂದ ಬರದೆ ನಾನು ಹೆಬ್ಬಾತು ಕೊಡುವ ಹಾಗಿಲ್ಲ.”

ಚುನ್‌ಯಾನ್ ನನ್ನ ಮುಖ ನೋಡಿದಳು. ನೀರು ಕಾಯಿಸಿದೆ. ಹಲ್ಲು ಕಚ್ಚಿಕೊಂಡು, ನನ್ನ ಕೈಯಾರೆ ಬಳಿದದ್ದನ್ನು ನಾನೇ ಉಜ್ಜಿ ತೆಗೆದೆ.

“ಪಾಕ ಹದ ತಪ್ಪಿದೆ,” ಎಂದರು ಅತ್ತೆ. “ಈ ಮನೆಗೆ ಬಂದು ಐವತ್ತು ವರ್ಷವಾದರೂ ನೀನು ಕಲಿಯಲಿಲ್ಲ. ಹುಡುಗಿಯನ್ನು ಬೇಗ ಕಳಿಸು, ನಿನ್ನ ಹತ್ತಿರವಿದ್ದರೆ ಅವಳೂ ಹೀಗೇ ಆಗುತ್ತಾಳೆ.”

ಅಷ್ಟು ಸಾಕಾಯಿತು. ಫಾಂಗಮ್ಮ ಹೆಬ್ಬಾತನ್ನು ನನ್ನ ಅಂಟುಗೈಗೆ ಕೊಟ್ಟಳು.